ಹೊಗೆಯಿಲ್ಲದ ಕೆಂಡವನ್ನು ನಂಬಬೇಡಿ

(ಬಾಣಂತಿಯರಿಗೆ ಹಾಗೂ ಅವರ ಆರೈಕೆಗೆ ಬಂದ ಬಂಧುಗಳಿಗೆ ಏರ್ಪಡಿಸಿದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



ಇನ್ನೆರಡು ದಿನಗಳಲ್ಲಿ ನಿಮ್ಮಲ್ಲಿ ಹಲವರು ಕೂಸನ್ನು ಎತ್ತಿಕೊಂಡು ಮನೆಗೆ ಹೋಗುತ್ತೀರಿ. ಮನೆಯಲ್ಲಿ ಆಗಲೇ ಬಾಣಂತಿ ಕೋಣೆ ಸಿದ್ಧವಾಗಿರುತ್ತದೆ. ಕಿಟಕಿಗೆ ಕಂಬಳಿ ಕಟ್ಟಿರುತ್ತಾರೆ. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿರುತ್ತಾರೆ. ಹೊರಸಿನ ಕೆಳಗೆ ಇಡಲು ಅಗ್ಗಿಷ್ಟಿಕೆಯನ್ನೂ ಇದ್ದಿಲನ್ನೂ ತಂದಿಟ್ಟಿರುತ್ತಾರೆ. ಮಗಳಿಗೆ ಗಾಳಿ ತಾಕಬಾರದು, ಕೂಸಿಗೆ ಶೀತ ಆಗಬಾರದು ಎಂಬ ಪ್ರೀತಿಯೇ ಇದಕ್ಕೆಲ್ಲ ಕಾರಣ. ಆ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಬಾಣಂತಿ ಬೆಚ್ಚಗಿರಬೇಕು, ಕೂಸು ಇನ್ನೂ ಬೆಚ್ಚಗಿರಬೇಕು ಎಂದು ವೈದ್ಯಶಾಸ್ತ್ರವೂ ಹೇಳುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಇಡಬೇಡಿ. ಅದು ಇದ್ದಿಲಿನ ಕೆಂಡವಾಗಿರಲಿ, ಗ್ಯಾಸ್ ಗೀಸರ್ ಆಗಿರಲಿ, ಜನರೇಟರ್ ಆಗಿರಲಿ, ಮಾತು ಒಂದೇ. ಬೆಂಕಿ ಎಲ್ಲಿದೆಯೋ ಅಲ್ಲಿ ಗಾಳಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಒಂದು ದಾರಿ ಇರಲೇಬೇಕು. ಏಕೆ ಎಂಬುದನ್ನು ಸಾವಕಾಶವಾಗಿ ನೋಡೋಣ.

ಕಣ್ಣಿಗೆ ಕಾಣದ ವಿಷ

ಕಟ್ಟಿಗೆ, ಕುಳ್ಳು, ಇದ್ದಿಲು, ಸೀಮೆಎಣ್ಣೆ, ಅಡುಗೆ ಅನಿಲ, ಪೆಟ್ರೋಲು, ಡೀಸೆಲ್ ಇವೆಲ್ಲವುಗಳಲ್ಲಿ ಇಂಗಾಲ ಇದೆ. ಸಾಕಷ್ಟು ಗಾಳಿ ಸಿಕ್ಕರೆ ಇಂಗಾಲ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೇ ಹೋದರೆ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಇಂಗ್ಲಿಷಿನಲ್ಲಿ ಇದನ್ನೇ ಕಾರ್ಬನ್ ಮಾನಾಕ್ಸೈಡ್ ಎನ್ನುತ್ತಾರೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ಆದ್ದರಿಂದ ಕೋಣೆಯಲ್ಲಿ ಅದು ತುಂಬಿದ್ದರೂ ನಮಗೆ ಗೊತ್ತಾಗುವುದಿಲ್ಲ.

ಹಸಿ ಕಟ್ಟಿಗೆ ಹೊಗೆಯಾಡಿದರೆ ನಾವು ಕಣ್ಣುಜ್ಜಿಕೊಂಡು ಹೊರಗೆ ಬರುತ್ತೇವೆ. ಆ ಹೊಗೆಯೇ ನಮ್ಮನ್ನು ಎಚ್ಚರಿಸುತ್ತದೆ. ಇದ್ದಿಲು ಹಾಗಲ್ಲ. ಇದ್ದಿಲು ಮಾಡುವಾಗಲೇ ಕಟ್ಟಿಗೆಯ ಹೊಗೆ ಹೊರಟುಹೋಗಿ, ಬಹುಪಾಲು ಇಂಗಾಲವಷ್ಟೇ ಉಳಿದಿರುತ್ತದೆ. ಅಗ್ಗಿಷ್ಟಿಕೆಯ ತಳದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್, ಮೇಲಿರುವ ಕೆಂಪು ಕೆಂಡಗಳ ನಡುವೆ ಹಾದುಬರುವಾಗ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಹೊಗೆ ಕಾಣುವುದಿಲ್ಲ, ವಿಷ ಮಾತ್ರ ಏಳುತ್ತಿರುತ್ತದೆ. "ಹೊಗೆ ಹೋಗಲಿ ಎಂದು ಅಂಗಳದಲ್ಲೇ ಚೆನ್ನಾಗಿ ಹೊತ್ತಿಸಿ, ಕೆಂಪಗೆ ಆದ ಮೇಲೆಯೇ ಒಳಗೆ ತಂದಿದ್ದೇವೆ" ಎಂದು ಬಹಳ ಜನ ಹೇಳುತ್ತಾರೆ. ಹಾಗೆ ಮಾಡಿದರೆ ಹೋಗುವುದು ಹೊಗೆ ಮಾತ್ರ, ವಿಷವಲ್ಲ. ಮೇಲೆ ಬೂದಿ ಮುಚ್ಚಿದ ಕೆಂಡವೂ ರಾತ್ರಿಯಿಡೀ ಇದನ್ನು ಬಿಡುತ್ತಲೇ ಇರುತ್ತದೆ.

ರಕ್ತದಲ್ಲಿ ಏನಾಗುತ್ತದೆ?

ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ಪದಾರ್ಥ ಇದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು ಮೆದುಳು, ಹೃದಯ ಮುಂತಾದ ಅಂಗಗಳಿಗೆ ಇಳಿಸಿ ಬರುವುದು ಅದರ ಕೆಲಸ. ಅದನ್ನು ಒಂದು ಬಸ್ಸು ಎಂದು ತಿಳಿಯಿರಿ. ಮಾನಾಕ್ಸೈಡ್ ಒಳಗೆ ಬಂದರೆ ಆಮ್ಲಜನಕದ ಸೀಟಿನಲ್ಲಿ ತಾನು ಕೂತುಬಿಡುತ್ತದೆ. ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ, ಬೇಗ ಇಳಿಯುವುದೂ ಇಲ್ಲ. ಇನ್ನುಳಿದ ಸೀಟಿನಲ್ಲಿರುವ ಆಮ್ಲಜನಕವನ್ನೂ ಸರಿಯಾಗಿ ಇಳಿಯಗೊಡುವುದಿಲ್ಲ. ಮೂಗು ಉಸಿರಾಡುತ್ತಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಆದರೆ ಮೆದುಳು ಮತ್ತು ಹೃದಯ ಉಸಿರಿಲ್ಲದೆ ಒದ್ದಾಡುತ್ತವೆ.

ಇದಕ್ಕೆ ಬಹಳ ಪ್ರಮಾಣವೂ ಬೇಡ. ಸಾವಿರ ಲೋಟ ಗಾಳಿಯಲ್ಲಿ ಒಂದೂವರೆ ಲೋಟದಷ್ಟು ಮಾನಾಕ್ಸೈಡ್ ಬೆರೆತರೆ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾಗುತ್ತವೆ. ಅದೇ ಗಾಳಿಯಲ್ಲಿ ಒಂದೆರಡು ಗಂಟೆ ಇದ್ದರೆ ಜೀವಕ್ಕೇ ಅಪಾಯ. ಸಾವಿರಕ್ಕೆ ಹನ್ನೆರಡು ಹದಿಮೂರು ಲೋಟದಷ್ಟಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

"ಉಸಿರು ಕಟ್ಟಿದರೆ ಎದ್ದು ಬಾಗಿಲು ತೆಗೆಯುತ್ತೇವೆ, ಅದೇನು ಮಹಾ" ಎಂದು ನಿಮಗೆ ಅನ್ನಿಸಬಹುದು. ಆದರೆ ಇದರಲ್ಲಿ ಉಸಿರು ಕಟ್ಟಿದ ಅನುಭವ ಆಗುವುದೇ ಇಲ್ಲ. ಮೊದಲು ಜೋಮು, ಆಮೇಲೆ ನಿದ್ದೆ. ಎಚ್ಚರಿದ್ದವರಿಗೂ ಬುದ್ಧಿ ಮಂಕಾಗುತ್ತದೆ, ಕಾಲಲ್ಲಿ ಬಲ ಇರುವುದಿಲ್ಲ. ಬಾಗಿಲು ಎರಡು ಮಾರು ದೂರದಲ್ಲಿದ್ದರೂ ಅಲ್ಲಿಯವರೆಗೆ ಹೋಗಲಾಗದೆ ಬಿದ್ದವರಿದ್ದಾರೆ.

ಕೂಸಿಗೆ ಮೊದಲು ತಾಕುತ್ತದೆ

ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಪಂಜರದಲ್ಲಿ ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಉಪಾಯ ಹೇಳಿಕೊಟ್ಟರು. ಸಣ್ಣ ಜೀವ ಬೇಗಬೇಗ ಉಸಿರಾಡುವುದರಿಂದ ಮಾನಾಕ್ಸೈಡ್ ಅದಕ್ಕೆ ಮನುಷ್ಯನಿಗಿಂತ ಮೊದಲು ತಾಕುತ್ತದೆ. ಹಕ್ಕಿ ತೂರಾಡಿ ಬಿದ್ದರೆ ಕೆಲಸಗಾರರು ಹೊರಗೆ ಓಡುತ್ತಿದ್ದರು. 1986ರಲ್ಲಿ ಯಂತ್ರಗಳು ಆ ಜಾಗಕ್ಕೆ ಬರುವವರೆಗೂ ಬ್ರಿಟನ್ನಿನ ಗಣಿಗಳಲ್ಲಿ ಈ ಪದ್ಧತಿ ಇತ್ತು.

ಈ ಮಾತನ್ನು ಏಕೆ ಹೇಳಿದೆನೆಂದರೆ, ನಿಮ್ಮ ಕೋಣೆಯಲ್ಲಿ ಬೇಗಬೇಗ ಉಸಿರಾಡುವ ಸಣ್ಣ ಜೀವ ನಿಮ್ಮ ಕೂಸು. ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡಿದರೆ, ಹಸುಗೂಸು ನಲವತ್ತರಿಂದ ಅರವತ್ತು ಸಲ ಉಸಿರಾಡುತ್ತದೆ. ತಲೆ ನೋಯುತ್ತದೆ ಎಂದು ಹೇಳಲು ಅದಕ್ಕೆ ಬಾಯಿಲ್ಲ. ಹಾಲು ಬೇಡವೆನ್ನುತ್ತದೆ, ಸುಮ್ಮನೆ ಮಲಗುತ್ತದೆ. "ಬೆಚ್ಚಗಾಯಿತು, ಕೂಸು ಚೆನ್ನಾಗಿ ನಿದ್ದೆ ಮಾಡುತ್ತಿದೆ" ಎಂದು ನಾವು ಸಂತೋಷಪಡುತ್ತೇವೆ. ಕೆಂಡ ಇರುವ ಕೋಣೆಯಲ್ಲಿ ಹಾಲಿಗೂ ಏಳದೆ ಮಲಗಿದ ಕೂಸನ್ನು ಕಂಡರೆ ಮೊದಲು ಹೊರಗೆ ಎತ್ತಿಕೊಂಡು ಬನ್ನಿ.

ಗರ್ಭಿಣಿಯರಿಗೆ ಇನ್ನೊಂದು ಮಾತು. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ವಿಷವನ್ನು ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ತಾಯಿ ಚೇತರಿಸಿಕೊಂಡಂತೆ ಕಂಡರೂ ಮಗುವಿಗೆ ತೊಂದರೆ ಉಳಿದಿರಬಹುದು. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ, ರಕ್ತ ಕಡಿಮೆ ಇರುವವರಿಗೆ ಸ್ವಲ್ಪ ಪ್ರಮಾಣವೂ ಹೆಚ್ಚಾಗುತ್ತದೆ. ಹೆರಿಗೆಯಾದ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ಎಷ್ಟು ಜನ ಎಂಬುದು ನಿಮಗೇ ಗೊತ್ತು.

"ನಮ್ಮ ಕಾಲದಲ್ಲಿ ಏನೂ ಆಗಲಿಲ್ಲವಲ್ಲ?"

ಇದು ಅಜ್ಜಿಯಂದಿರು ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. "ನಾನು ಆರು ಹೆತ್ತೆ, ಆರೂ ಸಲ ಹೊರಸಿನ ಕೆಳಗೆ ಕೆಂಡ ಇತ್ತು" ಎನ್ನುತ್ತಾರೆ.

ಅಮ್ಮಾ, ನಿಮ್ಮ ಬಾಣಂತನ ಆದ ಮನೆಯನ್ನು ಒಮ್ಮೆ ನೆನೆಸಿಕೊಳ್ಳಿ. ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ. ಇಲ್ಲವೇ ಹಂಚಿನ ಮನೆ, ಹಂಚಿನ ಸಂದಿಯಲ್ಲೆಲ್ಲ ಗಾಳಿ. ಬಾಗಿಲು ಹಾಕಿದರೂ ಹಲಗೆಗಳ ನಡುವೆ ಬೆರಳು ಹೋಗುವಷ್ಟು ಜಾಗ. ಮನೆಯೇ ಉಸಿರಾಡುತ್ತಿತ್ತು. ಬಿಸಿಯಾದ ಗಾಳಿ ಮೇಲಿನ ಕಿಂಡಿಯಿಂದ ಹೋಗುತ್ತಿತ್ತು, ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಬಚ್ಚಲಿನ ಹಂಡೆಯ ಒಲೆಗೂ ಎಷ್ಟೋ ಮನೆಗಳಲ್ಲಿ ಹೊರಗಿನಿಂದಲೇ ಉರಿ ಹಾಕುತ್ತಿದ್ದರು. ಹೀಗಿದ್ದೂ ಆ ಕಾಲದಲ್ಲಿ ಬಾಣಂತಿ ಕೋಣೆಯಲ್ಲಿ ತಾಯಿ ಮಕ್ಕಳು ಕಾರಣ ತಿಳಿಯದೆ ಹೋದದ್ದುಂಟು. ಸೋಂಕು ಎಂದರು, ದೃಷ್ಟಿ ಎಂದರು, ದೈವೇಚ್ಛೆ ಎಂದರು. ಅವುಗಳಲ್ಲಿ ಕೆಲವಕ್ಕೆ ಕೆಂಡವೇ ಕಾರಣವಾಗಿರಬಹುದಲ್ಲವೇ?

ಈಗಿನ ಮನೆ ಬೇರೆ. ಸಿಮೆಂಟಿನ ಛಾವಣಿ, ಬಿಗಿಯಾಗಿ ಕೂಡುವ ಬಾಗಿಲು, ಜಾರುವ ಗಾಜಿನ ಕಿಟಕಿ, ಸೊಳ್ಳೆ ಬರುತ್ತವೆಂದು ಮುಚ್ಚಿದ ವೆಂಟಿಲೇಟರ್. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ತಾಯಿ, ಕೂಸು, ಜೊತೆಗೆ ಮಲಗುವ ಅಜ್ಜಿ, ಎಲ್ಲರೂ ಒಂದೇ ಗಾಳಿಯನ್ನು ಕೆಂಡದ ಜೊತೆ ಹಂಚಿಕೊಳ್ಳಬೇಕು. ಪದ್ಧತಿ ಹಳೆಯದೇ ಇದೆ, ಮನೆ ಮಾತ್ರ ಬದಲಾಗಿದೆ. ಆದ್ದರಿಂದ ಅಂದು ನಡೆದದ್ದು ಇಂದು ನಡೆಯುವುದಿಲ್ಲ.

ಇದು ದೂರದ ಊರಿನ ಕಥೆಯಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಬೆಳಗಾಗುವಷ್ಟರಲ್ಲಿ ತೀರಿಕೊಂಡಿದ್ದರು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಪ್ರವಾಸಕ್ಕೆ ಹೋಗಿದ್ದ ಕೇರಳದ ಎಂಟು ಜನರು ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದವರು ಏಳಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಗಟ್ಟಿಮುಟ್ಟಾದ ಯುವಕರಿಗೇ ಹೀಗಾದರೆ ಹಸಿ ಬಾಣಂತಿಯ ಗತಿ ಏನು?

ಬಚ್ಚಲುಮನೆಯ ಗ್ಯಾಸ್ ಗೀಸರ್

ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿಬಿಸಿ ನೀರು ಹಾಕುವುದು ನಮ್ಮ ರೂಢಿ. ಈಗ ಹಂಡೆಯ ಜಾಗಕ್ಕೆ ಅನೇಕ ಮನೆಗಳಲ್ಲಿ ಗ್ಯಾಸ್ ಗೀಸರ್ ಬಂದಿದೆ. ಅದನ್ನು ಬಚ್ಚಲುಮನೆಯ ಒಳಗೇ ಗೋಡೆಗೆ ಹೊಡೆದಿರುತ್ತಾರೆ. ಅದು ಗೋಡೆಯ ಮೇಲೆ ಉರಿಯುವ ಒಂದು ದೊಡ್ಡ ಒಲೆ ಎಂಬುದನ್ನು ನಾವು ಮರೆತುಬಿಡುತ್ತೇವೆ.

ಒಂದು ಲೆಕ್ಕ ಹೇಳುತ್ತೇನೆ. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಅಡುಗೆ ಅನಿಲ ಸುಡುತ್ತದೆ. ಒಂದು ಕಿಲೋ ಅನಿಲ ಸರಿಯಾಗಿ ಉರಿಯಲು ಸುಮಾರು 12,000 ಲೀಟರ್ ಗಾಳಿ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದೇ ಸುಮಾರು 5,400 ಲೀಟರ್ ಗಾಳಿ. ಕಾಲು ಗಂಟೆ ಗೀಸರ್ ಉರಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಅದೇ ಬಳಸಿಬಿಡುತ್ತದೆ. ಆಮ್ಲಜನಕ ಇಳಿಯುತ್ತಿದ್ದಂತೆ ಉರಿ ಕೆಡುತ್ತದೆ, ಮಾನಾಕ್ಸೈಡ್ ಏರುತ್ತದೆ. ಒಳಗೆ ಸ್ನಾನ ಮಾಡುತ್ತಿರುವವರು ಅದನ್ನೇ ಉಸಿರಾಡುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಬೇರೆ.

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಗ್ಯಾಸ್ ಗೀಸರಿನ ಅನಿಲದಿಂದ ತೀರಿಕೊಂಡ ಸುದ್ದಿಯನ್ನು ನೀವು ಓದಿರಬಹುದು. ಇಂತಹ ಸುದ್ದಿ ಬಂದಾಗಲೆಲ್ಲ "ಗ್ಯಾಸ್ ಸೋರಿತು" ಎಂದು ಜನ ಮಾತಾಡುತ್ತಾರೆ. ಸೋರಿದರೆ ವಾಸನೆ ಬರುತ್ತದೆ, ಏಕೆಂದರೆ ಅಡುಗೆ ಅನಿಲಕ್ಕೆ ನಮ್ಮ ಎಚ್ಚರಿಕೆಗೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆದರೆ ಸಿಲಿಂಡರ್, ಪೈಪು, ರೆಗ್ಯುಲೇಟರ್ ಎಲ್ಲ ಸರಿಯಿದ್ದು, ಒಂದು ಹನಿಯೂ ಸೋರದೆ ಇದ್ದರೂ, ಉರಿದ ಅನಿಲವೇ ಮುಚ್ಚಿದ ಬಚ್ಚಲಿನಲ್ಲಿ ವಿಷವಾಗಬಲ್ಲದು. ಅದಕ್ಕೆ ವಾಸನೆ ಇರುವುದಿಲ್ಲ. "ವಾಸನೆ ಬರಲಿಲ್ಲ, ಆದ್ದರಿಂದ ಅಪಾಯವಿಲ್ಲ" ಎಂದು ತಿಳಿಯಬೇಡಿ.

ಗ್ಯಾಸ್ ಗೀಸರ್ ಇರುವ ಮನೆಯವರು ಹೀಗೆ ಮಾಡಿ:

1. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ತೆರೆದ ಜಾಗದಲ್ಲಿ ಹಾಕಿಸಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಇದೇ ಶಾಶ್ವತ ಪರಿಹಾರ.

2. ಅದು ಆಗುವವರೆಗೆ, ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರನ್ನೂ ಸಿಲಿಂಡರನ್ನೂ ಬಂದ್ ಮಾಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಯಾರೂ ಒಳಗೆ ಇರಬಾರದು.

3. ವೆಂಟಿಲೇಟರಿಗೆ ಅಡ್ಡ ಇಟ್ಟಿರುವ ರಟ್ಟು, ಗಾಜು, ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಮೇಲೊಂದು, ಬಾಗಿಲ ಕೆಳಗೊಂದು, ಎರಡು ಗಾಳಿದಾರಿ ಯಾವಾಗಲೂ ತೆರೆದಿರಲಿ. ಎಕ್ಸಾಸ್ಟ್ ಫ್ಯಾನ್ ಒಂದನ್ನೇ ನಂಬಬೇಡಿ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಅದು ಹೊರಗೆ ತಳ್ಳುವುದಾದರೂ ಏನನ್ನು?

4. ಉರಿ ನೀಲಿಯಾಗಿರಬೇಕು. ಹಳದಿ ಅಥವಾ ಕಿತ್ತಳೆಯಾಗಿದ್ದರೆ, ಗೀಸರಿನ ಮೇಲೆ ಅಥವಾ ಗೋಡೆಗೆ ಮಸಿ ಹಿಡಿದಿದ್ದರೆ, ಆ ದಿನದಿಂದಲೇ ನಿಲ್ಲಿಸಿ ರಿಪೇರಿ ಮಾಡಿಸಿ. ಉರಿ ನೀಲಿಯಾಗಿದ್ದರೂ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ.

5. ಬಾಣಂತಿ, ಮಕ್ಕಳು, ವಯಸ್ಸಾದವರು ಸ್ನಾನಕ್ಕೆ ಹೋದಾಗ ಒಳಚಿಲಕ ಹಾಕುವುದು ಬೇಡ. ಹೊರಗೆ ಒಬ್ಬರು ಇರಲಿ, ಆಗಾಗ ಕೂಗಿ ಮಾತಾಡಿಸುತ್ತಿರಲಿ.

6. ಹೊಸದಾಗಿ ಕೊಳ್ಳುವವರು ಸೋಲಾರ್ ಅಥವಾ ಕರೆಂಟಿನ ಗೀಸರ್ ಬಗ್ಗೆ ಯೋಚಿಸಿ. ಅವುಗಳಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಈ ವಿಷ ಹುಟ್ಟುವುದಿಲ್ಲ. ಕರೆಂಟಿನದಾದರೆ ಅರ್ಥಿಂಗ್ ಸರಿಯಾಗಿರಬೇಕು.

ಮನೆಯ ಸುತ್ತಮುತ್ತಲ ಬೇರೆ ಅಪಾಯಗಳು

ಕರೆಂಟು ಹೋದಾಗ ಜನರೇಟರನ್ನು ಮನೆಯೊಳಗೆ, ಮೆಟ್ಟಿಲ ಕೆಳಗೆ, ಅಂಗಡಿಯ ಶಟರ್ ಒಳಗೆ ಇಟ್ಟು ಓಡಿಸಬಾರದು. ಕಿಟಕಿ ಬಾಗಿಲುಗಳಿಂದ ದೂರವಾಗಿ ಬಯಲಿನಲ್ಲಿ ಇಡಬೇಕು. ಗ್ಯಾರೇಜಿನಲ್ಲಿ ಶಟರ್ ಇಳಿಸಿ ಕಾರು, ಟ್ರ್ಯಾಕ್ಟರು, ಬೈಕು ಚಾಲೂ ಇಡಬಾರದು. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಇರುವ ಕೋಣೆಯಲ್ಲಿ ಅದು ಓಡುತ್ತಿರುವಾಗ ಮಲಗಬಾರದು.

ಆಸ್ಪತ್ರೆಗೆ ಬಂದವರು ರಾತ್ರಿ ಹೊರಗೆ ನಿಲ್ಲಿಸಿದ ಕಾರಿನಲ್ಲಿ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ಮಲಗುವುದುಂಟು. ಹೊಗೆಯ ಪೈಪು ತೂತಾಗಿದ್ದರೆ ಅಥವಾ ಗೋಡೆಗೆ ಒತ್ತಿ ನಿಂತಿದ್ದರೆ ಅದೇ ಹೊಗೆ ಒಳಗೆ ನುಗ್ಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರೋಗಿಯ ಜೊತೆ ಬಂದವರು ಉಳಿದುಕೊಳ್ಳುವ ಕೋಣೆಗಳಲ್ಲಿಯೂ ಬಾಗಿಲು ಹಾಕಿಕೊಂಡು ಸ್ಟೋವ್ ಹಚ್ಚುವುದು ಬೇಡ. ರೋಗಿಯನ್ನು ನೋಡಿಕೊಳ್ಳಲು ಬಂದವರು ರೋಗಿಗಳಾಗಬಾರದು.

ಹಾಗಾದರೆ ಬಾಣಂತಿಯನ್ನು ಬೆಚ್ಚಗೆ ಇಡುವುದು ಹೇಗೆ?

ಕೆಂಡ ಬೇಡವೆಂದು ಹೇಳಿ ನಾನು ಸುಮ್ಮನಾದರೆ ನೀವು ಮನೆಗೆ ಹೋಗಿ ಕೆಂಡವನ್ನೇ ಹಾಕುತ್ತೀರಿ. ಆದ್ದರಿಂದ ಬೇರೆ ದಾರಿಗಳನ್ನು ಹೇಳುತ್ತೇನೆ.

ಕೂಸಿಗೆ ತಾಯಿಯ ಮೈಯೇ ಎಲ್ಲಕ್ಕಿಂತ ಒಳ್ಳೆಯ ಶಾಖ. ಲಂಗೋಟಿ, ಟೊಪ್ಪಿಗೆ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ಕೂಸನ್ನು ನೆಟ್ಟಗೆ ಒರಗಿಸಿ, ಮೇಲೆ ಸೀರೆ, ಶಾಲು ಹೊದಿಸಿ. ಚರ್ಮಕ್ಕೆ ಚರ್ಮ ತಾಕಿದಾಗ ಕೂಸು ಬೆಚ್ಚಗಾಗುತ್ತದೆ, ಹಾಲೂ ಚೆನ್ನಾಗಿ ಕುಡಿಯುತ್ತದೆ. ತೂಕ ಕಡಿಮೆ ಇರುವ ಕೂಸುಗಳಿಗೆ ಆಸ್ಪತ್ರೆಯಲ್ಲಿ ಮಾಡಿಸುವುದೂ ಇದನ್ನೇ. ಕೂಸಿನ ಮೂಗು, ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ತಾಯಿಗೆ ನಿದ್ದೆ ಬರುವಂತಿದ್ದರೆ ಇನ್ನೊಬ್ಬರು ಪಕ್ಕದಲ್ಲಿರಿ.

ಉಳಿದ ಹೊತ್ತಿನಲ್ಲಿ ಕುಂಚಿಗೆ, ಕಾಲುಚೀಲ, ಎರಡು ಪದರ ಹತ್ತಿ ಬಟ್ಟೆ ಸಾಕು. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ, ಏಕೆಂದರೆ ಕೂಸಿಗೆ ಒದ್ದೆ ಬಟ್ಟೆಯಿಂದಲೇ ಹೆಚ್ಚು ಚಳಿಯಾಗುತ್ತದೆ. ತಾಯಿಗೆ ಕಂಬಳಿ, ಕಿವಿಗೆ ಬಟ್ಟೆ, ಬಿಸಿ ಊಟ, ಕುಡಿಯಲು ಬಿಸಿನೀರು ಕೊಡಿ. ಬೆನ್ನಿಗೆ ಶಾಖ ಬೇಕೆನಿಸಿದರೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕೊಡಿ. ಆ ಚೀಲ ಕೂಸಿನ ಪಕ್ಕದಲ್ಲಿ ಮಾತ್ರ ಬೇಡ, ಎಳೆ ಚರ್ಮ ಬೇಗ ಸುಡುತ್ತದೆ.

ಕೋಣೆಯನ್ನು ಬಿಸಿಲಿನಿಂದ ಬೆಚ್ಚಗೆ ಮಾಡಿ. ಹಗಲು ಬಿಸಿಲು ಬೀಳುವ ಕೋಣೆಯನ್ನೇ ಬಾಣಂತಿಗೆ ಕೊಡಿ. ಕೆಂಡದಿಂದಲೇ ಕಾಯಿಸಬೇಕೆಂದಿದ್ದರೆ, ತಾಯಿ ಮತ್ತು ಕೂಸು ಬೇರೆ ಕಡೆ ಇರುವಾಗ, ಕಿಟಕಿ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಇಡಿ. ಆಮೇಲೆ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ತಂದು ನೀರು ಹಾಕಿ ಆರಿಸಿ. ಕೋಣೆಯ ಗಾಳಿ ಬದಲಾದ ಮೇಲೆ ಅವರನ್ನು ಒಳಗೆ ಕರೆದುಕೊಂಡು ಬನ್ನಿ. ಕೆಂಡ ಇರುವಲ್ಲಿ ಯಾರೂ ಮಲಗಬಾರದು, ಯಾರಾದರೂ ಮಲಗಿರುವಲ್ಲಿ ಕೆಂಡ ಇರಬಾರದು.

ಲಕ್ಷಣ ಗುರುತಿಸಿ

ತಲೆನೋವು, ತಲೆಸುತ್ತು, ವಾಕರಿಕೆ, ವಾಂತಿ, ಸುಸ್ತು, ಮಂಪರು, ಎದೆ ಡವಡವ ಎನ್ನುವುದು ಇದರ ಲಕ್ಷಣಗಳು. ಇವೆಲ್ಲ ಸಾಮಾನ್ಯ ಕಾಯಿಲೆಗಳಲ್ಲೂ ಇರುತ್ತವೆ. ಆದ್ದರಿಂದ ಪಿತ್ತ ಕೆರಳಿದೆ ಎನ್ನುತ್ತೇವೆ, ಬಾಣಂತಿಗೆ ನಂಜು ಎನ್ನುತ್ತೇವೆ, ದೃಷ್ಟಿ ತಾಕಿದೆ ಎನ್ನುತ್ತೇವೆ. ದೃಷ್ಟಿ ತೆಗೆಯಲು ಇನ್ನಷ್ಟು ಕೆಂಡ ತಂದು ಲೋಬಾನ ಹಾಕುತ್ತೇವೆ. ಕಾಯಿಲೆಯ ಕಾರಣವನ್ನೇ ಔಷಧಿಯಾಗಿ ಕೊಟ್ಟಂತಾಗುತ್ತದೆ.

ಮೂರು ಗುರುತು ನೆನಪಿಡಿ. ಒಂದು, ಜ್ವರವಿಲ್ಲದೆ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆ ನೋಯುವುದು. ಎರಡು, ಹೊರಗೆ ಬಂದರೆ ಕಡಿಮೆಯಾಗಿ, ಒಳಗೆ ಹೋದರೆ ಮತ್ತೆ ಶುರುವಾಗುವುದು. ಮೂರು, ಮನೆಯಲ್ಲಿ ಏನೋ ಉರಿಯುತ್ತಿರುವುದು. ಇವುಗಳಲ್ಲಿ ಎರಡು ಕೂಡಿದರೂ ಎಲ್ಲರೂ ಹೊರಗೆ ಬನ್ನಿ.

ಯಾರಾದರೂ ಬಿದ್ದಿದ್ದರೆ

ಮೊದಲು ಬಾಗಿಲು ಕಿಟಕಿ ತೆರೆಯಿರಿ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೆ ಈ ವಿಷ ತಡೆಯುವುದಿಲ್ಲ. ಆದ್ದರಿಂದ ಒಳಗೆ ಹೆಚ್ಚು ಹೊತ್ತು ನಿಲ್ಲದೆ ಅವರನ್ನು ಹೊರಗೆ ಎಳೆದು ತನ್ನಿ. ನಿಮಗೇ ತಲೆ ಸುತ್ತಿದರೆ ಹೊರಗೆ ಬಂದು ಬೇರೆಯವರನ್ನು ಕರೆಯಿರಿ. ಕಾಪಾಡಲು ಹೋದವರೂ ಅಲ್ಲೇ ಉಳಿಯಬಾರದು. 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ, ಕಲಿತವರು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ. ಮೂಗಿಗೆ ಈರುಳ್ಳಿ ಹಿಡಿಯುವುದು, ಮಂಪರಿನಲ್ಲಿರುವವರ ಬಾಯಿಗೆ ನೀರು, ಮಜ್ಜಿಗೆ, ಲಿಂಬೆರಸ ಹಾಕುವುದು ಬೇಡ. ಅದು ಶ್ವಾಸಕೋಶಕ್ಕೆ ಇಳಿದು ಹೊಸ ತೊಂದರೆ ತರುತ್ತದೆ.

ಆಸ್ಪತ್ರೆಗೆ ಬಂದ ಕೂಡಲೇ "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಅಥವಾ "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂದು ಮೊದಲ ಮಾತಿನಲ್ಲೇ ಹೇಳಿ. ನಾಚಿಕೆಪಟ್ಟು ಮುಚ್ಚಿಡಬೇಡಿ, ಇಲ್ಲಿ ಯಾರೂ ಬೈಯುವುದಿಲ್ಲ. ಕಾರಣವಿದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ, ಅದು ಆಮ್ಲಜನಕ ಕೂತ ಸೀಟು ಯಾವುದು, ಮಾನಾಕ್ಸೈಡ್ ಕೂತ ಸೀಟು ಯಾವುದು ಎಂದು ಬೇರೆ ಮಾಡಲಾರದು. ರೋಗಿ ಸಾಯುವಂತಿದ್ದರೂ 98, 99 ಎಂದು ತೋರಿಸಬಹುದು. ನೀವು ಹೇಳಿದರೆ ವೈದ್ಯರು ಅದನ್ನು ನಂಬಿ ಕೂರುವುದಿಲ್ಲ. ರಕ್ತದ ಪರೀಕ್ಷೆ ಮಾಡಿಸುತ್ತಾರೆ, ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಪೂರ್ಣ ಆಮ್ಲಜನಕ ಕೊಡುತ್ತಾರೆ. ಬರೀ ಗಾಳಿಯಲ್ಲಿ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಪೂರ್ಣ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅರ್ಧವಾಗುತ್ತದೆ.

"ಎಚ್ಚರ ಬಂತು, ತಲೆನೋವು ಹೋಯಿತು, ಮನೆಗೆ ಹೋಗುತ್ತೇವೆ" ಎಂದು ಅವಸರ ಮಾಡಬೇಡಿ. ಕೆಲವರಲ್ಲಿ ಎಲ್ಲ ಸರಿಹೋದ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಡಕು, ಮನಸ್ಸಿನ ಏರುಪೇರು ಕಾಣಿಸುತ್ತದೆ. ವೈದ್ಯರು ಮತ್ತೆ ಬನ್ನಿ ಎಂದ ದಿನ ತಪ್ಪದೆ ಬನ್ನಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಅಗ್ಗಿಷ್ಟಿಕೆಯ ಪಕ್ಕದಲ್ಲಿ ಬೋಗುಣಿಯಲ್ಲಿ ನೀರು ಇಟ್ಟರೆ ವಿಷ ಹೀರಿಕೊಳ್ಳುತ್ತದೆಯಂತೆ, ನಿಜವೇ?
ಉತ್ತರ: ಇಲ್ಲ. ಈ ಅನಿಲ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ನೀರು ಇಟ್ಟಿದ್ದೇವೆಂಬ ಧೈರ್ಯವೇ ಅಪಾಯ.

ಪ್ರಶ್ನೆ: ನೆಲದ ಮೇಲೆ ಮಲಗಿದರೆ ಅಪಾಯ ಕಡಿಮೆಯೇ?
ಉತ್ತರ: ಅದೂ ಇಲ್ಲ. ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು. ಇಡೀ ಕೋಣೆಯಲ್ಲಿ ಬೆರೆತುಹೋಗುತ್ತದೆ. ನೆಲ, ಹೊರಸು, ಅಟ್ಟ ಎಲ್ಲ ಒಂದೇ. ಸೋರಿದ ಅಡುಗೆ ಅನಿಲ ಮಾತ್ರ ಭಾರವಾಗಿದ್ದು ನೆಲಕ್ಕೆ ಇಳಿಯುತ್ತದೆ. ಅದರ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ಲೋಬಾನದ ಹೊಗೆ ಹಾಕುವುದನ್ನು ಪೂರ್ತಿ ಬಿಡಬೇಕೆ?
ಉತ್ತರ: ಕೂಸಿನ ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಬಿಟ್ಟರೆ ಉತ್ತಮ. ಬಾಣಂತಿಯ ಕೂದಲು ಒಣಗಿಸಲು ಬೇಕೇಬೇಕೆಂದರೆ ಪಡಸಾಲೆಯಲ್ಲೋ ಅಂಗಳದಲ್ಲೋ ನಾಲ್ಕೇ ಕೆಂಡದಲ್ಲಿ, ಕೂಸನ್ನು ದೂರ ಇಟ್ಟು ಮಾಡಿ.

ಪ್ರಶ್ನೆ: ಕರೆಂಟಿನ ರೂಮ್ ಹೀಟರ್ ಇಡಬಹುದೆ?
ಉತ್ತರ: ಅದರಿಂದ ಈ ವಿಷ ಬರುವುದಿಲ್ಲ. ಆದರೆ ಬಟ್ಟೆ, ಹಾಸಿಗೆಯಿಂದ ಮೂರು ಅಡಿಯಾದರೂ ದೂರವಿರಲಿ. ಅದರ ಮೇಲೆ ಕೂಸಿನ ಬಟ್ಟೆ ಒಣಗಿಸಬೇಡಿ. ಮಲಗುವಾಗ ಆರಿಸಿ.

ಪ್ರಶ್ನೆ: ಇದನ್ನು ಕಂಡುಹಿಡಿಯುವ ಯಂತ್ರ ಇದೆಯೇ?
ಉತ್ತರ: ಇದೆ. ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಎಂದು ಕೇಳಿ. ಬ್ಯಾಟರಿಯಿಂದ ನಡೆಯುತ್ತದೆ, ಗಾಳಿಯಲ್ಲಿ ವಿಷ ಹೆಚ್ಚಿದರೆ ಕೂಗುತ್ತದೆ. ಮಲಗುವ ಕೋಣೆಯಲ್ಲಿ ಹಾಕಿಸಬಹುದು. ಬೆಂಕಿಯ ಹೊಗೆ ಹಿಡಿಯುವ ಅಲಾರಾಂ ಬೇರೆ, ಅದಕ್ಕೆ ಇದು ತಿಳಿಯುವುದಿಲ್ಲ. ಆದರೆ ಯಂತ್ರ ಇದೆಯೆಂದು ಕೆಂಡ ಒಳಗೆ ತರಬೇಡಿ.

ಮನೆಗೆ ಹೋಗುವ ಮುನ್ನ

ಹಿರಿಯರಲ್ಲಿ ಒಂದು ವಿನಂತಿ. ಬಾಣಂತಿ ಕೋಣೆಯಲ್ಲಿ ನಡೆಯುವುದು ನಿಮ್ಮ ಮಾತೇ ಹೊರತು ನಮ್ಮದಲ್ಲ. ಹೆತ್ತ ಮಗಳು "ಅವ್ವಾ, ಕೆಂಡ ಬೇಡ" ಎಂದರೆ ಸಣ್ಣವಳ ಮಾತು ಎಂದು ತಳ್ಳಿಹಾಕುವುದುಂಟು. ಅದೇ ಮಾತನ್ನು ನೀವು ಹೇಳಿದರೆ ಮನೆಯವರೆಲ್ಲ ಕೇಳುತ್ತಾರೆ. ಇವತ್ತು ಮನೆಗೆ ಫೋನ್ ಮಾಡಿ, ಕಿಟಕಿಯ ಕಂಬಳಿಯನ್ನು ಮೇಲಿನಿಂದ ಒಂದು ಗೇಣು ಇಳಿಸಲು ಹೇಳಿ. ಬಾಗಿಲ ಕೆಳಗಿನ ಸೀರೆ ತೆಗೆಸಿ. ಅಗ್ಗಿಷ್ಟಿಕೆ ಅಂಗಳದಲ್ಲೇ ಇರಲಿ. ಇಷ್ಟು ಮಾಡಲು ಒಂದು ರೂಪಾಯಿ ಖರ್ಚಿಲ್ಲ.

ಒಂಬತ್ತು ತಿಂಗಳು ಹೊತ್ತು, ನೋವುಂಡು, ಆಸ್ಪತ್ರೆಯವರೆಗೆ ಬಂದು ಕೈಗೆ ಪಡೆದ ಕೂಸು ಇದು. ಬೆಚ್ಚಗಿಡುವ ಭರದಲ್ಲಿ ಅದರ ಉಸಿರು ಕಸಿಯುವುದು ಬೇಡ. ತಾಯಿ ಮಕ್ಕಳು ಸುಖವಾಗಿರಲಿ, ನಿಮ್ಮ ಮನೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿ ಆಡಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.